ಎಡಗಡೆಯ ಗುಂಡಿ

8 ಜನವರಿ 1984, ಭಾನುವಾರ
ನಿಟ್ಟೂರು

ಎರಡು ದಿನದ ತರಗತಿ ಇವತ್ತು ಮುಗಿಯಿತು. ಹಿರೇಹಳ್ಳಿಯ ಕಾರ್ಖಾನೆಗಳ ಸೂಪರ್‌ವೈಸರುಗಳನ್ನೆಲ್ಲ ತುಮಕೂರಿನ ಒಂದು ಕಲ್ಯಾಣಮಂಟಪದಲ್ಲಿ ಕೂರಿಸಿ, ಬೆಂಗಳೂರಿನಿಂದ ಬಂದ ಟೈ ಕಟ್ಟಿದ ಮೇಷ್ಟ್ರೊಬ್ಬರು ಪಾಠ ಹೇಳಿದರು. ಕತ್ತೆಯ ಹಾಗೆ ದುಡಿಯಬೇಡಿ, ತಲೆ ಉಪಯೋಗಿಸಿ ದುಡಿಯಿರಿ ಎನ್ನುವುದು ಎರಡೂ ದಿನದ ಸಾರ. ಅದನ್ನೇ ಹತ್ತು ನಿಮಿಷದಲ್ಲಿ ಹೇಳಿ ನಮ್ಮನ್ನು ಮನೆಗೆ ಕಳಿಸಬಹುದಿತ್ತು. ಆದರೆ ಅವರ ಹೊಟ್ಟೆಪಾಡೂ ನಡೆಯಬೇಕಲ್ಲ.

ಕೊನೆಯಲ್ಲಿ ಎಲ್ಲರಿಗೂ ಈ ಡೈರಿ ಕೊಟ್ಟರು. ವಾರದ ಕೊನೆಯಲ್ಲಿ ಕೂತು, ಮುಂದಿನ ವಾರ ಏನನ್ನು ಇನ್ನೂ ಜಾಣತನದಿಂದ ಮಾಡಬಹುದೆಂದು ನಿಮಗೆ ನೀವೇ ಸಲಹೆ ಬರೆದುಕೊಳ್ಳಿ, ಯಾರಿಗೂ ತೋರಿಸಬೇಡಿ, ಸುಳ್ಳು ಬರೆಯಬೇಡಿ ಎಂದರು. ಈ ಮಾತು ನನಗೆ ಹಿಡಿಸಿತು.

ವಾಪಸ್ಸು ಬರುವಾಗ ಪ್ಯಾಸೆಂಜರ್ ರೈಲಿನಲ್ಲಿ ಸೀಟಿಗಾಗಿ ಇಬ್ಬರು ಹೊಡೆದಾಡಿಕೊಂಡರು. ಒಬ್ಬನ ಮೂಗು ಒಡೆದು ರಕ್ತ ನನ್ನ ಅಂಗಿಯ ತೋಳಿಗೆ ಸಿಡಿಯಿತು. ಇಬ್ಬರೂ ಗುಬ್ಬಿಯಲ್ಲಿ ಇಳಿಯುವವರೇ, ಅರ್ಧ ಗಂಟೆಯ ಪ್ರಯಾಣ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನನಗೆ ಮೂವತ್ತೈದು ತುಂಬಿತು, ಇವತ್ತಿನವರೆಗೂ ಒಬ್ಬರ ಮೇಲೂ ಕೈ ಎತ್ತಿಲ್ಲ.

ಮ್ಯಾನೇಜರ್ ಸಾಹೇಬರ ಮಾತು ಇಲ್ಲಿ ಬರೆದಿಡುತ್ತೇನೆ. ನನ್ನ ವಿಭಾಗದ ಆರು ಪ್ರೆಸ್ಸುಗಳಲ್ಲಿ ಈಗ ಒಂದೊಂದೂ ದಿನಕ್ಕೆ ಎರಡು ಸಾವಿರದ ನಾನ್ನೂರು ಬಿಲ್ಲೆ ಕತ್ತರಿಸುತ್ತದೆ. ಪಂಪ್‌ಸೆಟ್ಟಿನ ಮೋಟಾರಿನೊಳಗೆ ಕೂರುವ ತಗಡಿನ ಬಿಲ್ಲೆ. ಅದು ಯುಗಾದಿಯೊಳಗೆ ನಾಲ್ಕು ಸಾವಿರವಾದರೆ ಈ ಷಡಕ್ಷರಿ, ಅಂದರೆ ನಾನು, ಫೋರ್‌ಮನ್. ಆಗದಿದ್ದರೆ ಹೊರಗಿನವರನ್ನು ತರುತ್ತಾರಂತೆ.

ಮುಂದಿನ ವಾರಕ್ಕೆ ಸಲಹೆ: ತಗಡಿನ ಪೆಟ್ಟಿಗೆ ನೆಲದ ಮೇಲಿದೆ, ಪ್ರತಿ ಸಲ ಬಗ್ಗಬೇಕು. ಅದನ್ನು ಸ್ಟೂಲಿನ ಮೇಲಿಡುವುದು.

14 ಜನವರಿ, ಶನಿವಾರ

ಸ್ಟೂಲಿನಿಂದಲೇ ಮುನ್ನೂರು ಹೆಚ್ಚಾಯಿತು. ಆರು ಮರದ ಸ್ಟೂಲು, ಅಷ್ಟೇ. ಸೈಫುಲ್ಲಾ ಎರಡು ಸಾವಿರದ ಎಂಟುನೂರು ದಾಟಿದ. ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುವ ಈ ಇಪ್ಪತ್ತಾರರ ಮನುಷ್ಯ ನನ್ನ ವಿಭಾಗದ ಕಣ್ಣು. ಅವನು ಪ್ರೆಸ್ಸಿನ ಮುಂದೆ ಕೂತರೆ ನೋಡುತ್ತ ನಿಲ್ಲಬೇಕು ಅನ್ನಿಸುತ್ತದೆ. ಒಂದೇ ತಾಳ, ಒಂದು ಚೂರೂ ದಂಡ ಇಲ್ಲ.

ಮನೆಯಲ್ಲಿ ಹೆಂಡತಿ ಶಿವರುದ್ರಮ್ಮ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಗಡಿಯಾರ ಹಿಡಿದು ಪಕ್ಕದಲ್ಲಿ ಕೂತೆ. ಒಂದು ಗಿಟುಕಿಗೆ ಹನ್ನೆರಡು ನಿಮಿಷ. ಮಧ್ಯೆ ಎರಡು ಸಲ ಎದ್ದಳು, ಒಂದು ಸಲ ಪಕ್ಕದ ಮನೆಯವರ ಜೊತೆ ಮಾತು.

"ಎದ್ದದ್ದಕ್ಕೇ ನಾಲ್ಕು ನಿಮಿಷ ಹೋಯಿತು ಕಣೇ" ಎಂದೆ.

"ಆ ಗಡಿಯಾರ ಅತ್ಲಾಗಿಟ್ಟು ನೀವೂ ಒಂದು ಚಾಕು ಹಿಡ್ಕೊಂಡು ಕೂತ್ಕೊಳಿ. ಅರ್ಧ ಟೈಮಿಗೆ ಮುಗೀತದೆ" ಎಂದಳು.

ನಗು ಬಂತು. ಆದರೆ ನಾನು ಹೆಚ್ಚಲು ಕೂರಲಿಲ್ಲ.

22 ಜನವರಿ, ಭಾನುವಾರ

ತೋಟಕ್ಕೆ ಹೋಗಿದ್ದೆ. ಪಂಪಿನ ಮನೆಯ ಸ್ಟಾರ್ಟರಿನ ಹಸಿರು ಗುಂಡಿಗೆ ಅಪ್ಪ ಎಂದಿನಂತೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದಿದ್ದರು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಕರೆಂಟು ಯಾವಾಗ ಬರುತ್ತದೋ ದೇವರೇ ಬಲ್ಲ. ಗುಂಡಿ ಒತ್ತಿಕೊಂಡೇ ಇದ್ದರೆ ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ. ಒತ್ತಲು ಒಬ್ಬ ಆಳು ಕಾಯಬೇಕಾಗಿಲ್ಲ.

ಟ್ಯೂಬನ್ನೇ ನೋಡುತ್ತ ನಿಂತೆ. ಎಷ್ಟು ಸಲ ನೋಡಿದ್ದೇನೆ, ಇವತ್ತು ತಲೆಗೆ ಹೊಳೆಯಿತು.

ನಮ್ಮ ಪ್ರೆಸ್ಸಿಗೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ತಗಡು ಇಡು, ಎರಡೂ ಕೈ ಹೊರಗೆ ತಾ, ಎರಡೂ ಗುಂಡಿ ಒತ್ತು. ಎಡಗಡೆಯ ಗುಂಡಿಯನ್ನು ಟ್ಯೂಬಿನಿಂದ ಕಟ್ಟಿಬಿಟ್ಟರೆ? ಬಲಗೈ ಒತ್ತುತ್ತಿರುತ್ತದೆ, ಎಡಗೈ ಆ ಹೊತ್ತಿಗೆ ಮುಂದಿನ ತಗಡು ಎತ್ತಿರುತ್ತದೆ. ಎರಡು ಕೈಗೆ ಎರಡು ಕೆಲಸ. ಆ ಟೈ ಮೇಷ್ಟ್ರಿಗೆ ಬರೆದು ಕಳಿಸೋಣ ಅನ್ನಿಸಿತು.

ಪಂಪಿನ ಮನೆಯಿಂದ ಒಂದು ಮೊಳ ಟ್ಯೂಬ್ ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ.

24 ಜನವರಿ, ಮಂಗಳವಾರ

ಸೈಫುಲ್ಲಾನ ಪ್ರೆಸ್ಸಿಗೆ ನನ್ನ ಕೈಯಾರೆ ಕಟ್ಟಿಕೊಟ್ಟೆ.

"ಸಾರ್, ಕೈ ಒಳಗಿದ್ದಾಗ ಇಳಿದ್ರೆ?"

"ಒತ್ತೋದು ನಿನ್ನ ಬಲಗೈ ತಾನೇ? ನಿನ್ನ ಒಂದು ಕೈ ಮೇಲೆ ನಿನ್ನ ಇನ್ನೊಂದು ಕೈಗೆ ನಂಬಿಕೆ ಇಲ್ವಾ?" ಎಂದೆ.

ನಕ್ಕುಬಿಟ್ಟ. ಸಂಜೆಗೆ ಮೂರು ಸಾವಿರದ ಮುನ್ನೂರು. ಮಿಕ್ಕ ನಾಲ್ವರಿಗೂ ಕಟ್ಟಿದೆ. ಮೂಡಲಗಿರಿಯಪ್ಪ ಒಬ್ಬರು ಒಪ್ಪಲಿಲ್ಲ. ಐವತ್ತು ದಾಟಿದವರು, ಈ ಕಾರ್ಖಾನೆಯ ಮೊದಲ ಪ್ರೆಸ್ಸಿನಿಂದ ಇದ್ದವರು.

"ಎರಡು ಕೈ ಕೊಟ್ಟೋನು ದೇವ್ರು, ಎರಡು ಗುಂಡಿ ಇಟ್ಟೋನು ಎಂಜಿನಿಯರು. ಇಬ್ರೂ ದಡ್ರಲ್ಲ ಬುಡಿ, ಷಡಕ್ಷರಪ್ಪ" ಎಂದರು.

ಎಲ್ಲರೂ ಕೇಳಿಸಿಕೊಂಡರು. ಅವರ ಪ್ರೆಸ್ಸನ್ನು ಹಾಗೇ ಬಿಟ್ಟೆ. ಹಿರಿಯರು.

4 ಫೆಬ್ರವರಿ, ಶನಿವಾರ

ಇವತ್ತು ಒಂದು ಹೊಸ ವಿಷಯ ಗೊತ್ತಾಯಿತು.

ಮೂಡಲಗಿರಿಯಪ್ಪ ಇನ್ನೂ ಎರಡು ಸಾವಿರದ ಏಳುನೂರರಲ್ಲೇ ನಿಂತಿದ್ದಾರೆ. ಬೆಳಿಗ್ಗೆ ನಾನೇ ಹೋಗಿ ಟ್ಯೂಬ್ ಕಟ್ಟಿದೆ. ಅವರು ನನ್ನ ಕಣ್ಣೆದುರಿಗೇ ಬ್ಲೇಡಿನಿಂದ ಕುಯ್ದು ಬಿಸಾಕಿದರು. ಮತ್ತೆ ಕಟ್ಟಿದೆ, ಮತ್ತೆ ಕುಯ್ದರು. ಮೂರನೆಯ ಸಲ ಕಟ್ಟಿದಾಗ ಅವರು ಮತ್ತೆ ಬ್ಲೇಡ್ ಎತ್ತಿದರು, ನನ್ನ ಕೈ ತಾನಾಗಿಯೇ ಹೋಯಿತು. ಕಪಾಳಕ್ಕೆ ಬಿತ್ತು. ಅವರ ಕನ್ನಡಕ ಹಾರಿ ತಗಡಿನ ರಾಶಿಯ ಮೇಲೆ ಬಿದ್ದು ಒಂದು ಗಾಜು ಒಡೆಯಿತು. ಕೆನ್ನೆಯ ಮೇಲೆ ನನ್ನ ಉಂಗುರದ ಗೀರು, ಅದರಿಂದ ಸಣ್ಣಗೆ ರಕ್ತ.

ಕ್ಷಮಿಸಿ ಎನ್ನೋಣವೆಂದು ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅವರೇ ಕನ್ನಡಕ ಎತ್ತಿಕೊಂಡು ಕೂತು ಕೆಲಸ ಶುರು ಮಾಡಿದರು, ಟ್ಯೂಬ್ ಕಟ್ಟಿದ ಗುಂಡಿಯಲ್ಲೇ.

ಆಶ್ಚರ್ಯವೆಂದರೆ ಇವತ್ತು ಆರೂ ಪ್ರೆಸ್ಸಿನಲ್ಲಿ ತಲಾ ಇನ್ನೂರು ಜಾಸ್ತಿ ಬಂದಿದೆ. ಸ್ಟೂಲು ಬದಲಾಯಿಸಿಲ್ಲ, ತಗಡು ಅದೇ, ಕರೆಂಟೂ ಅಷ್ಟೇ. ಬೇರೆ ಏನು ಕಾರಣ ಇರಲು ಸಾಧ್ಯ? ದಂಡಂ ದಶಗುಣಂ ಎಂದದ್ದು ಇದಕ್ಕೇ ಇರಬೇಕು. ಮೇಷ್ಟ್ರು ಪಾಠದಲ್ಲಿ ಇದನ್ನು ಬಿಟ್ಟಿದ್ದರು.

ಸಲಹೆ: ಮೂರು ಸಲ ಹೇಳುವುದು ಸಮಯ ದಂಡ.

18 ಫೆಬ್ರವರಿ, ಶನಿವಾರ

ಊಟದ ಹೊತ್ತಿನಲ್ಲಿ ಇಬ್ಬರು ಕಿತ್ತಾಡಿದರು. ಒಬ್ಬನ ಪೆಟ್ಟಿಗೆಯಿಂದ ಇನ್ನೊಬ್ಬ ಬಿಲ್ಲೆ ಕದ್ದು ತನ್ನ ಲೆಕ್ಕಕ್ಕೆ ಸೇರಿಸಿಕೊಂಡನಂತೆ. ಬಿಲ್ಲೆ ಕಳೆದುಕೊಂಡವನು ಸ್ಪ್ಯಾನರಿನಲ್ಲಿ ಹೊಡೆದು ಕದ್ದವನ ತಲೆ ಒಡೆದಿದ್ದಾನೆ, ಕೂದಲ ನಡುವೆ ಬಿಳಿ ಕಾಣುತ್ತಿತ್ತು. ಹೊಡೆದವನಿಗೆ ನಾನು ತಗಡಿನ ಪಟ್ಟಿಯಲ್ಲಿ ಬೆನ್ನಿಗೆ ನಾಲ್ಕು ಬಾರಿಸಿದೆ, ಹೊಡೆಸಿಕೊಂಡವನಿಗೆ ಎರಡು. ಒಂದು ಗಂಟೆಗೆ ಸರಿಯಾಗಿ ಎಲ್ಲ ಪ್ರೆಸ್ಸೂ ಓಡಿದವು.

ಟ್ಯೂಬುಗಳು ಎಣ್ಣೆ ತಾಗಿ ಹರಿಯುತ್ತಿವೆ. ಸೈಫುಲ್ಲಾನ ಅಣ್ಣ ಮುಖ್ತಾರ್ ಅಹಮದನಿಗೆ ಕುಣಿಗಲ್ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇದೆ. "ಅಂಗಡೀಲಿ ಹಳೇದು ಬೇಕಾದಷ್ಟು ಬಿದ್ದೈತೆ ಸಾರ್, ಸೋಮವಾರ ತರ್ತೀನಿ" ಎಂದ ಸೈಫುಲ್ಲಾ. ಒಳ್ಳೆಯ ಮನುಷ್ಯ.

1 ಮಾರ್ಚ್, ಗುರುವಾರ

ನಿನ್ನೆ ಶಿವರಾತ್ರಿ. ಫಲಾಹಾರ ಇಡುವುದು ತಡವಾಯಿತೆಂದು ಶಿವರುದ್ರಮ್ಮನ ಕೈ ತಿರುಚಿದೆ. ಬಳೆ ಒಡೆದು ಅವಳಿಗೇ ಚುಚ್ಚಿಕೊಂಡಿತು. ಹಬ್ಬದ ದಿನ ಗಾಜಿನ ಬಳೆ ಅಷ್ಟೊಂದು ಯಾಕೆ ಹಾಕಿಕೊಳ್ಳಬೇಕು?

ಸೈಫುಲ್ಲಾ ಮೂರು ಸಾವಿರದ ಎಂಟುನೂರು.

16 ಮಾರ್ಚ್, ಶುಕ್ರವಾರ

ಬರೆಯಲೇಬೇಕು. ಸುಳ್ಳು ಬರೆಯಬೇಡಿ ಎಂದಿದ್ದರು.

ಶುಕ್ರವಾರ ಮಧ್ಯಾಹ್ನ ಸೈಫುಲ್ಲಾ ನಮಾಜಿಗೆ ಹೋಗುತ್ತಾನೆ. ಹಿರೇಹಳ್ಳಿಯಿಂದ ಬಾಡಿಗೆ ಸೈಕಲ್ ತುಳಿದು ಹೋಗಿ ಬರಲು ಒಂದೂಕಾಲು ಗಂಟೆ. ಮೊದಲು ನಾನು ಕೇಳುತ್ತಲೂ ಇರಲಿಲ್ಲ. ಹೋದ ತಿಂಗಳಿಂದ ಒಂದು ಕ್ರಮ ಮಾಡಿದ್ದೆ: ಎರಡು ಸಾವಿರ ಮುಗಿಸು, ಹೋಗು. ಇವತ್ತು ಬೆಳಿಗ್ಗೆ ಅರ್ಧ ಗಂಟೆ ಕರೆಂಟು ಇರಲಿಲ್ಲ.

ಹನ್ನೊಂದೂವರೆಗೆ ಬಂದು, "ಸಾರ್, ಇವತ್ತೊಂದಿನ ಬುಟ್ಬಿಡಿ, ಬಂದು ಮುಗಿಸ್ತೀನಿ" ಎಂದ.

"ಎರಡು ಸಾವಿರ" ಎಂದೆ.

ಓಡಿ ಹೋಗಿ ಕೂತ. ಆ ಇಪ್ಪತ್ತು ನಿಮಿಷ ಅವನು ಮಾಡಿದಂಥ ಕೆಲಸವನ್ನು ನಾನು ಜನ್ಮದಲ್ಲಿ ನೋಡಿಲ್ಲ. ನಾನು ಹಿಂದೆಯೇ ಗಡಿಯಾರ ಹಿಡಿದು ನಿಂತಿದ್ದೆ. ಒಂದು ತಗಡು ಓರೆಯಾಗಿ ಕೂತಿತು. ಎಡಗೈ ಅದನ್ನು ಸರಿ ಮಾಡಲು ಹೋಯಿತು. ಬಲಗೈ ಆಗಲೇ ಒತ್ತಿತ್ತು.

ತಗಡು ಕತ್ತರಿಸುವ ಸದ್ದಿಗಿಂತ ಈ ಸದ್ದು ಮೆತ್ತಗಿತ್ತು. ಅವನು ಕೂಗಲಿಲ್ಲ. ಕೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ. ಹೆಬ್ಬೆರಳೊಂದಿತ್ತು. ಆಮೇಲೆ ರಕ್ತ ಚಿಮ್ಮಿತು, ಪ್ರೆಸ್ಸಿನ ಮೇಲೆ, ನನ್ನ ಗಡಿಯಾರದ ಮೇಲೆ, ಬಿಲ್ಲೆಗಳ ಪೆಟ್ಟಿಗೆಯೊಳಕ್ಕೆ. ಆಗ ಕೂಗಿದ. ಆ ಕೂಗು ಕೇಳಿ ಪಕ್ಕದ ಕಾರ್ಖಾನೆಯವರೂ ಓಡಿಬಂದರು.

ಮೂಡಲಗಿರಿಯಪ್ಪ ತಮ್ಮ ಟವೆಲ್ಲಿನಿಂದ ಮುಂಗೈ ಬಿಗಿದು ಕಟ್ಟಿದರು. ಬಿಲ್ಲೆಗಳ ನಡುವೆ ಕೈಯಾಡಿಸಿ ನಾಲ್ಕು ಬೆರಳು ಹುಡುಕಿ ಊಟದ ಡಬ್ಬಿಯಲ್ಲಿ ಇಟ್ಟುಕೊಟ್ಟವರೂ ಅವರೇ. ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಅಷ್ಟರಲ್ಲಿ ನಾನು ಎಡಗಡೆಯ ಗುಂಡಿಯಿಂದ ಟ್ಯೂಬ್ ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದೆ. ಹಾಗೆ ಮಾಡಬೇಕೆಂದು ಯೋಚಿಸಿರಲಿಲ್ಲ. ಮಾಡಿದ ಮೇಲೆ ಗೊತ್ತಾಯಿತು. ಮೂಡಲಗಿರಿಯಪ್ಪ ನೋಡಿದರು.

ಟೆಂಪೋದಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಲೆ ನನ್ನ ತೊಡೆಯ ಮೇಲಿತ್ತು. ಕ್ಯಾತ್ಸಂದ್ರ ದಾಟುವಾಗ ಕಣ್ಣು ಬಿಟ್ಟ.

"ಎರಡು ಸಾವಿರ ಆಯ್ತಾ ಸಾರ್?"

"ಆಯ್ತು" ಎಂದೆ. ಸಾವಿರದ ಎಂಟುನೂರ ಅರವತ್ತು ಆಗಿತ್ತು.

ಬೆರಳು ಸೇರಿಸಲು ಆಗುವುದಿಲ್ಲವೆಂದು ಡಾಕ್ಟರು ಡಬ್ಬಿಯನ್ನು ತೆರೆದು ನೋಡಿಯೇ ಮುಚ್ಚಿದರು. ನಾನು ಆಸ್ಪತ್ರೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

20 ಮಾರ್ಚ್, ಮಂಗಳವಾರ

ಪ್ರೆಸ್ಸುಗಳನ್ನು ತೊಳೆಸಿದ್ದಾಯಿತು. ಟ್ಯೂಬುಗಳನ್ನೆಲ್ಲ ಬಿಚ್ಚಿಸಿದ್ದೇವೆ. ಮ್ಯಾನೇಜರ್ ಸಾಹೇಬರು, "ನಾನು ಯಾವತ್ತೂ ಟ್ಯೂಬ್ ನೋಡೇ ಇಲ್ಲ, ಅಲ್ವೇನ್ರೀ?" ಎಂದರು. ಇಲ್ಲ ಸಾರ್ ಎಂದೆ. ಕಾರ್ಖಾನೆ ಇನ್ಸ್‌ಪೆಕ್ಟರು ವಿಚಾರಣೆಗೆ ಬರುತ್ತಾರಂತೆ. ಟ್ಯೂಬ್ ಕಟ್ಟಿದವರು ನಾವೆಂದರೆ ಕಾರ್ಖಾನೆಯ ತಪ್ಪು, ನನ್ನ ಕೆಲಸ ಹೋಯಿತು, ಜೈಲೂ ಆಗಬಹುದು. ಅವನೇ ಕಟ್ಟಿಕೊಂಡನೆಂದರೆ ಅವನ ತಪ್ಪು; ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಹನ್ನೊಂದು ಗಂಟೆಗೆ ಮುಖ್ತಾರ್ ಅಹಮದ್ ಗೇಟಿನ ಹತ್ತಿರ ಬಂದ. ಕೈ ಬೀಸುತ್ತ ಬಂದವನು ನನ್ನನ್ನು ನೋಡಿ ಕಾಲರ್ ಹಿಡಿದ.

"ನನ್ನ ಅಂಗಡಿ ಟ್ಯೂಬು ಕಣಯ್ಯಾ ಅದು. ನಾನೇ ಕತ್ತರಿಸಿ ಕೊಟ್ಟೆ. ಏನಕ್ಕೋ ಅಂದ್ರೆ ಸಾರ್ ಕೇಳವ್ರೆ ಅಂದ. ನನ್ನ ತಮ್ಮನ ಕೈ ಏನ್ ಮಾಡ್ದೆ ಹೇಳು."

ಅಳುತ್ತಿದ್ದ. ಅಳುತ್ತಲೇ ನನ್ನ ಮುಖಕ್ಕೆ ಗುದ್ದಿದ. ತುಟಿ ಒಡೆಯಿತು. ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಸಲಾಕೆ ಅಲ್ಲೇ ಇತ್ತು, ಎತ್ತಿಕೊಂಡೆ. ಮೊದಲ ಏಟು ಭುಜಕ್ಕೆ, ಎರಡನೆಯದು ಬಾಯಿಗೆ. ಹಲ್ಲು ಮುರಿದದ್ದು ನನ್ನ ಕೈಗೆ ಗೊತ್ತಾಯಿತು. ಬಿದ್ದ. ಬಿದ್ದ ಮೇಲೂ ಮೂರು ಹೊಡೆದೆನೆಂದು ಕಾವಲುಗಾರ ಹೇಳುತ್ತಾನೆ. ನನಗೆ ಎರಡೇ ನೆನಪು.

ಪೊಲೀಸರನ್ನು ಕರೆಸಿ, ಅವನು ಸ್ಪ್ಯಾನರ್ ಹಿಡಿದು ಕೊಲ್ಲಲು ಬಂದನೆಂದು ದೂರು ಕೊಟ್ಟೆವು. ಸ್ಪ್ಯಾನರನ್ನು ನಮ್ಮ ಸ್ಟೋರಿನಿಂದಲೇ ತಂದಿಟ್ಟೆವು. ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತು ದೂರಿಗೆ ಸಹಿ ಹಾಕುವಾಗ ಒಳಗಿನಿಂದ ಲಾಠಿಯ ಸದ್ದು ಕೇಳುತ್ತಿತ್ತು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ಸೆಕೆಂಡು. ನನಗೆ ತರಿಸಿಕೊಟ್ಟ ಟೀ ಆರಿ ಹೋಯಿತು.

25 ಮಾರ್ಚ್, ಭಾನುವಾರ

ಶಿವರುದ್ರಮ್ಮ ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಿನಲ್ಲಿ ಟ್ಯೂಬ್ ಸಿಕ್ಕಿದೆ. ರಕ್ತ ಒಣಗಿ ಗಟ್ಟಿಯಾಗಿತ್ತು. ಅದನ್ನು ಹಿಡಿದುಕೊಂಡು ಒಳಗೆ ಬಂದಳು.

"ಇದ್ಯಾರ ರಕ್ತ?"

"ಕೆಲಸ ನೋಡ್ಕೋ."

"ಆ ಸಾಬರ ಮನುಷ್ಯಂದಾ? ನಮ್ಮ ಪಂಪಿನ ಮನೆ ಥರ ಕಟ್ಟಿದ್ರಾ ನೀವು? ರೀ, ಅದು ನೀರೆತ್ತೋ ಮಿಷಿನ್ನು. ಅದ್ರೊಳಗೆ ಯಾರ್ ಕೈ ಇಡ್ತಾರೆ?"

ಒಂದು ವಾಕ್ಯದಲ್ಲಿ ಹೇಳಿಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಕೂದಲು ಹಿಡಿದು ಗೋಡೆಗೆ ಒಂದು ಸಲ ಬಡಿದೆ. ಹುಬ್ಬಿನ ಮೇಲೆ ಸೀಳಿತು. ಒಂದೇ ಸಲ. ಅವಳು ಅಳಲಿಲ್ಲ. ಸೆರಗಿನಿಂದ ಹಣೆ ಒತ್ತಿಕೊಂಡು ಎರಡು ಸೀರೆ ಚೀಲಕ್ಕೆ ತುಂಬಿಕೊಂಡು, ಮಧ್ಯಾಹ್ನದ ರೈಲಿಗೆ ಗುಬ್ಬಿಯ ತವರಿಗೆ ಹೋದಳು. ಟ್ಯೂಬನ್ನು ನಾನು ಒಲೆಗೆ ಹಾಕಿದೆ. ನಾತ ಇನ್ನೂ ಹೋಗಿಲ್ಲ.

ಮುದ್ದೆ ತೊಳಸಲು ನನಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಗಂಟು ಗಂಟು.

2 ಏಪ್ರಿಲ್, ಸೋಮವಾರ

ಯುಗಾದಿ. ಬೇವು ಬೆಲ್ಲ ಕೊಡುವವರಿಲ್ಲ. ಟ್ಯೂಬ್ ಇಲ್ಲದೆ ಎಲ್ಲರೂ ಎರಡು ಸಾವಿರದ ಐನೂರಕ್ಕೆ ಇಳಿದಿದ್ದಾರೆ. ಫೋರ್‌ಮನ್ ವಿಷಯ ವಿಚಾರಣೆ ಮುಗಿಯಲಿ ಎಂದರು ಸಾಹೇಬರು.

8 ಏಪ್ರಿಲ್, ಭಾನುವಾರ

ತಲೆ ಉಪಯೋಗಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮುಖ್ತಾರ್ ಇನ್ನೂ ಜೈಲಿನಲ್ಲಿದ್ದಾನೆ. ಸೈಫುಲ್ಲಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ತಾನೇ ಟ್ಯೂಬ್ ಕಟ್ಟಿದ್ದೆಂದು ಸೈಫುಲ್ಲಾ ಹೇಳಿದರೆ ಅಣ್ಣನ ಮೇಲಿನ ದೂರು ವಾಪಸ್ಸು, ಮನೆಯ ಒಬ್ಬರಿಗೆ ಕಾರ್ಖಾನೆಯಲ್ಲಿ ಕೆಲಸ. ಸಾಹೇಬರಿಗೆ ಹೇಳಿದೆ. "ನೀವು ಫೋರ್‌ಮನ್ ಆಗೋ ತಲೇನೇ ಕಣ್ರೀ" ಎಂದರು.

ಇವತ್ತು ಕುಣಿಗಲ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿಗೆ ಬೀಗ ಬಿದ್ದಿತ್ತು. ಮನೆ ಅದರ ಹಿಂದಿನ ಗಲ್ಲಿಯಲ್ಲಿ. ಅವರ ತಾಯಿ ಹಜರಾ ಬೀ ಬಾಗಿಲು ತೆರೆದರು. ನಾನು ಯಾರೆಂದು ಹೇಳಿದ ಮೇಲೂ ಚಾಪೆ ಹಾಸಿ ಟೀ ಮಾಡಿಸಿದರು. ಹೊಡೆಯಬಹುದೆಂದುಕೊಂಡು ಹೋಗಿದ್ದೆ, ಅದಕ್ಕೆ ತಯಾರಾಗಿದ್ದೆ. ಟೀಗೆ ತಯಾರಾಗಿರಲಿಲ್ಲ.

ಸೈಫುಲ್ಲಾನ ಕೈಗೆ ದಪ್ಪ ಪಟ್ಟಿ ಸುತ್ತಿತ್ತು. ಮಾತನಾಡುವಾಗ ಅದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ನಾನು ವಿಷಯ ಹೇಳಿ ಮುಗಿಸಿದೆ.

"ನಮ್ಮಣ್ಣನ್ನ ನಾಳೇನೇ ಬಿಡ್ತಾರಾ ಸಾರ್?"

"ನೀನು ಹೇಳಿಕೆ ಕೊಟ್ಟ ದಿನವೇ."

"ಅವ್ನು ಹಲ್ಲಿಲ್ದೆ ರೊಟ್ಟಿ ತಿನ್ನಕಾಗಲ್ಲ ಅಂತ ಅಮ್ಮಿ ಗಂಜಿ ತಗೊಂಡು ಹೋಗ್ತವ್ರೆ. ಒಳಗೆ ಬಿಡಲ್ಲ."

ನಾನು ನೆಲ ನೋಡಿದೆ. ಹಜರಾ ಬೀ ಹೇಳಿದರು: "ಅಪ್ಪಾ, ಇವ್ನ ಕೈ ಅಲ್ಲಾಹನ ಇಷ್ಟ ಅಂದ್ಕೊಂಡು ಸುಮ್ನಾಗ್ತೀನಿ. ಆದ್ರೆ ಸುಳ್ಳು ಹೇಳು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಅದು ಅವ್ನಿಗೂ ನಿಂಗೂ ಬಿಟ್ಟಿದ್ದು."

ಬಾಗಿಲ ಹತ್ತಿರ ನಿಂತಿದ್ದ ತಂಗಿ ರಝಿಯಾ ಕೇಳಿದಳು: "ಕೆಲ್ಸ ಅಂದ್ರಲ್ಲ, ಯಾರಿಗೆ?"

ಮನೆಯಲ್ಲಿ ಇನ್ನು ಕೈ ಸರಿ ಇರುವವಳು ಅವಳೊಬ್ಬಳೇ. ಇಪ್ಪತ್ತೆರಡು ವರ್ಷ, ಎಸ್ಸೆಸ್ಸೆಲ್ಸಿ ಪಾಸು. "ನಿನಗೇ" ಎಂದೆ. ಸೈಫುಲ್ಲಾ ಬೇಡ ಎಂದ. ಅವಳು ಅವನ ಕಡೆ ನೋಡಲೇ ಇಲ್ಲ.

ಬಸ್ಸಿನಲ್ಲಿ ಬರುವಾಗ ಎಲ್ಲ ಚೆನ್ನಾಗಿಯೇ ಆಯಿತಲ್ಲ ಎಂದುಕೊಂಡೆ. ಒಂದು ಏಟೂ ಇಲ್ಲದೆ ಕೆಲಸವಾಯಿತು.

17 ಏಪ್ರಿಲ್, ಮಂಗಳವಾರ

ವಿಚಾರಣೆ. ಇನ್ಸ್‌ಪೆಕ್ಟರು ಸೈಫುಲ್ಲಾನನ್ನು ಮೂರು ಸಲ ಕೇಳಿದರು, ಮೂರು ಸಲವೂ "ನಾನೇ ಕಟ್ಕೊಂಡೆ" ಎಂದ. ಟ್ಯೂಬ್ ಎಲ್ಲಿಯದು ಎಂದರೆ ನಮ್ಮಣ್ಣನ ಅಂಗಡೀದು ಎಂದ. ಅದಂತೂ ನಿಜವೇ. ನನ್ನನ್ನು ಕೇಳಿದರು. "ಹೌದು ಸಾರ್, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ" ಎಂದೆ. ಎಷ್ಟು ಹೇಳಿದರೂ ಎನ್ನುವುದು ಬೇಕಾಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಆಗ ಮಾತ್ರ ಸೈಫುಲ್ಲಾ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಬಲಗೈಯಲ್ಲಿ ಸಹಿ ಮಾಡಿದ. ಕಾಗದ ಜಾರುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ನಾನೇ ಹಿಡಿದುಕೊಂಡೆ.

ಸಂಜೆ ಹಿರೇಹಳ್ಳಿ ಸ್ಟೇಷನ್ನಿನಲ್ಲಿ ಮೂಡಲಗಿರಿಯಪ್ಪ ಕಾಯುತ್ತಿದ್ದರು. ಅವರನ್ನು ವಿಚಾರಣೆಗೆ ಕರೆದಿರಲಿಲ್ಲ, ಬೆಳಿಗ್ಗೆಯೇ ಕೆಲಸದಿಂದ ತೆಗೆದಿದ್ದರು. ಹತ್ತಿರ ಬಂದು ಏನೂ ಹೇಳದೆ ಮುಷ್ಟಿಯಿಂದ ನನ್ನ ಮೂಗಿಗೆ ಹೊಡೆದರು. ಮೂಳೆ ಲಟಕ್ಕೆಂದಿತು. ಒಂದೇ ಏಟು. ಆಮೇಲೆ ಟವೆಲ್ಲಿನಿಂದ ಕೈ ಒರೆಸಿಕೊಂಡು ರೈಲು ಹತ್ತಿ ಕೂತರು. ಅದೇ ಬೋಗಿಯಲ್ಲಿ ನಾನೂ ಕೂತೆ, ಬೇರೆಯ ಬೋಗಿಗೆ ಹೋಗುವಷ್ಟು ಕಣ್ಣು ಕಾಣುತ್ತಿರಲಿಲ್ಲ. ಯಾರೋ ಕರ್ಚೀಫು ಕೊಟ್ಟರು. ದಾರಿಯುದ್ದಕ್ಕೂ ಜನ ಅವರನ್ನು ಬಿಟ್ಟು ನನ್ನನ್ನೇ ಬೈಯುವ ಹಾಗೆ ನೋಡುತ್ತಿದ್ದರು. ಏಟು ತಿಂದವನು ನಾನು.

22 ಏಪ್ರಿಲ್, ಭಾನುವಾರ

ಗುಬ್ಬಿಗೆ ಹೋಗಿದ್ದೆ. ಶಿವರುದ್ರಮ್ಮ ಹೊರಗೆ ಬಂದಳು. ಹುಬ್ಬಿನ ಮೇಲಿನ ಗಾಯ ಒಣಗಿದೆ. ನನ್ನ ಮುರಿದ ಮೂಗು ನೋಡಿ, "ಯಾರು?" ಎಂದಳು. ಹೇಳಿದೆ. "ಒಳ್ಳೇದಾಯ್ತು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಒದ್ದೆ. ಎರಡು ಸಲ ಒದ್ದೆ, ಚಿಲಕ ಕಿತ್ತು ಬಂತು. ಅವಳ ಅಪ್ಪ, ಅಣ್ಣ ಇಬ್ಬರೂ ಸೇರಿ ನನ್ನನ್ನು ಬೀದಿಗೆ ನೂಕಿದರು.

ಹೆಂಡತಿಯ ಮನೆಯವರಿಗೆ ಇಷ್ಟು ಕೋಪ ಯಾಕೋ. ಒಂದೇ ಸಲ ತಾನೇ ಹೊಡೆದದ್ದು.

2 ಮೇ, ಬುಧವಾರ

ನಿನ್ನೆಯಿಂದ ಫೋರ್‌ಮನ್. ಗಾಜಿನ ಕೋಣೆ, ಒಂದು ಫ್ಯಾನು. ಮುಖ್ತಾರನನ್ನು ಬಿಟ್ಟಿದ್ದಾರೆ, ಅವನು ಇತ್ತ ಬಂದಿಲ್ಲ. ಪ್ರೆಸ್ಸುಗಳು ಇನ್ನೂ ಎರಡು ಸಾವಿರದ ಐನೂರರಲ್ಲೇ ಇವೆ. "ಮಳೆಗಾಲದೊಳಗೆ ನಾಲ್ಕು ಸಾವಿರ ಬೇಕೇ ಬೇಕು, ಹೇಗೆ ಅಂತ ನಾನು ಕೇಳಲ್ಲ" ಎಂದಿದ್ದಾರೆ ಸಾಹೇಬರು.

ಬೆಳಿಗ್ಗೆ ಎಂಟಕ್ಕೆ ರಝಿಯಾ ಬಂದಳು. ಪ್ಯಾಕಿಂಗಿಗೆ ಹಾಕೋಣವೆಂದಿದ್ದೆ. ಪ್ರೆಸ್ಸಿಗೆ ಹಾಕಿ, ಅಲ್ಲಿ ಒಂದು ಜಾಗ ಖಾಲಿ ಇದೆಯಲ್ಲ ಎಂದರು ಸಾಹೇಬರು. ಮೂಡಲಗಿರಿಯಪ್ಪನವರ ಪ್ರೆಸ್ಸಿಗೆ ಆಗಲೇ ಹೊಸಬನನ್ನು ಹಾಕಿದ್ದರು, ಖಾಲಿ ಇದ್ದದ್ದು ಅವಳ ಅಣ್ಣನ ಜಾಗವೇ. ಅವಳಿಗೂ ಅದು ಗೊತ್ತಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ತಗಡು ಇಡುವುದು, ತೆಗೆಯುವುದು, ಎರಡು ಗುಂಡಿ, ಎಲ್ಲ ತೋರಿಸಿಕೊಟ್ಟೆ. ಬೇಗ ಕಲಿತಳು. ಅದೇ ಮನೆತನದ ಕೈ. ಹತ್ತು ನಿಮಿಷ ಮಾಡಿ ನಿಲ್ಲಿಸಿ, ಊಟದ ಚೀಲದಿಂದ ಸೈಕಲ್ ಟ್ಯೂಬಿನ ಒಂದು ತುಂಡು ತೆಗೆದಳು.

"ಸಾರ್, ಇದನ್ನ ನೀವು ಕಟ್ಟಿಕೊಡ್ತೀರಾ, ನಾನೇ ಕಟ್ಕೊಳ್ಲಾ?"

ಪಕ್ಕದ ಐದೂ ಪ್ರೆಸ್ಸುಗಳು ನಿಂತವು.

"ಯಾರು ಹೇಳಿದ್ದು ನಿಂಗೆ?" ಎಂದೆ.

"ಯಾರೂ ಹೇಳಿಲ್ಲ. ಭಯ್ಯಾ ಹೋಗ್ಬೇಡ ಅಂತ ಅತ್ತ. ಆದ್ರೆ ಕಟ್ದಿದ್ರೆ ಲೆಕ್ಕ ಬರಲ್ಲ ಅಂತ ನಂಗೊತ್ತು ಸಾರ್. ಲೆಕ್ಕ ಬರ್ದಿದ್ರೆ ಕೆಲ್ಸ ಕೊಡಲ್ಲ. ಅಂಗಡಿ ಇನ್ನೂ ತೆರ್ದಿಲ್ಲ, ಮನೇಲಿ ಈಗ ದುಡಿಯೋಳು ನಾನೊಬ್ಳೇ."

ಕೊಂಕು ನುಡಿಯುತ್ತಿದ್ದಾಳೋ ಎಂದು ಮುಖ ನೋಡಿದೆ. ಕೊಂಕು ಇರಲಿಲ್ಲ. ನನ್ನ ಕೈ ಮೇಲೆದ್ದಿತ್ತು. ಯಾಕೆ ಎದ್ದಿತೋ ಗೊತ್ತಿಲ್ಲ, ಅವಳು ತಪ್ಪು ಮಾತೇನೂ ಆಡಿರಲಿಲ್ಲ. ಅವಳು ಹಿಂದೆ ಸರಿಯಲಿಲ್ಲ. ಏಟು ಬೀಳುತ್ತದೆಂದು ಕಣ್ಣು ಮಾತ್ರ ಮುಚ್ಚಿಕೊಂಡಳು. ಕೈ ಇಳಿಸಿದೆ.

ಅವಳ ಕೈಯಿಂದ ಟ್ಯೂಬ್ ತೆಗೆದುಕೊಂಡು ಎಡಗಡೆಯ ಗುಂಡಿಗೆ ಮೂರು ಸುತ್ತು ಸುತ್ತಿ ಕಟ್ಟಿದೆ. ಬಿಗಿಯಾಗಿದೆಯೇ ಎಂದು ಅವಳು ಒಮ್ಮೆ ಎಳೆದು ನೋಡಿದಳು.

ಸಂಜೆಗೆ ಮೂರು ಸಾವಿರದ ನೂರು. ಮೊದಲ ದಿನಕ್ಕೆ ಇದು ಕಡಿಮೆಯೇನಲ್ಲ.